ಕೊಡಗಿನ ಮನೆಗೆ ಯಾವ ನೆಲ? ಟೈಲ್ಸ್ ಅಂಗಡಿಗೆ ಹೋಗುವ ಮೊದಲು

ಟೈಲ್ಸ್ ಅಂಗಡಿಯಲ್ಲಿ ತೋರಿಸುವುದು ಬಣ್ಣ, ಹೊಳಪು, ಅಳತೆ. ಕೊಡಗಿನಲ್ಲಿ ನೆಲ ಕೆಡುವುದು ನೀರಿನಿಂದ. ಮಳೆಗಾಲದ ನಾಲ್ಕು ತಿಂಗಳು ನೀರು ಮೂರು ದಾರಿಯಲ್ಲಿ ಮನೆಯೊಳಗೆ ಬರುತ್ತದೆ: ಮಣ್ಣಿನಿಂದ ಮೇಲಕ್ಕೆ ಏರಿ ಬರುತ್ತದೆ, ಗಾಳಿಯಲ್ಲಿ ಬಂದು ತಣ್ಣಗಿನ ನೆಲದ ಮೇಲೆ ಹನಿಯಾಗಿ ಕೂರುತ್ತದೆ, ಗಂಬೂಟು, ಕೊಡೆ, ನಾಯಿಯ ಕಾಲುಗಳ ಜೊತೆ ಬಾಗಿಲಿನಿಂದಲೂ ಬರುತ್ತದೆ. ಯಾವ ಕೋಣೆಗೆ ಈ ಮೂರರಲ್ಲಿ ಯಾವ ನೀರು ಎಂದು ಗೊತ್ತಾದರೆ ಆಯ್ಕೆ ಅರ್ಧ ಮುಗಿದ ಹಾಗೆ. ಬೆಂಗಳೂರಿನ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ ಚೆಂದ ಕಂಡದ್ದು ನಾಪೋಕ್ಲಿನ ಮನೆಯಲ್ಲಿ ಎರಡನೇ ಮಳೆಗಾಲಕ್ಕೇ ಕಲೆಗಟ್ಟುವುದು ಇದಕ್ಕೇ. ಅಲ್ಲಿ ನೆಲದಡಿ ಇರುವುದು ಇನ್ನೊಬ್ಬರ ಮನೆ, ಇಲ್ಲಿ ಇರುವುದು ಒದ್ದೆ ಮಣ್ಣು.

ಜಿಲ್ಲೆಯೊಳಗೇ ಲೆಕ್ಕ ಬೇರೆಬೇರೆ. ಭಾಗಮಂಡಲದ ಕಡೆ ಬೀಳುವ ಮಳೆ ಕುಶಾಲನಗರದ ಹಲವು ಪಟ್ಟು. ಕುಶಾಲನಗರದಲ್ಲಿ ನಡೆಯುವ ಮಾರ್ಬಲ್ ಮಡಿಕೇರಿಯ ಇಳಿಜಾರಿನ ಮನೆಯಲ್ಲಿ ಹಳದಿ ತಿರುಗುತ್ತದೆ.

ನೆಲದ ಅಡಿಯಲ್ಲಿ

ಹೊಸ ಮನೆ ಕಟ್ಟುವವರು ಟೈಲ್ಸಿಗೆ ಇಟ್ಟ ದುಡ್ಡಿನಲ್ಲಿ ಒಂದು ಪಾಲನ್ನು ಇಲ್ಲಿಗೆ ತಿರುಗಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಮೇಲಿನ ಟೈಲನ್ನು ಹತ್ತು ವರ್ಷ ಬಿಟ್ಟು ಬದಲಿಸಬಹುದು, ಅಡಿಯ ಪದರವನ್ನು ಬದಲಿಸಬೇಕಾದರೆ ಮನೆಯನ್ನೇ ಅಗೆಯಬೇಕು.

ಪ್ಲಿಂತ್, ಅಂದರೆ ಮನೆಯ ನೆಲಗಟ್ಟು, ಅಂಗಳಕ್ಕಿಂತ ಕನಿಷ್ಠ ಒಂದೂವರೆ ಅಡಿ ಎತ್ತರದಲ್ಲಿರಲಿ. ಗುಡ್ಡದ ಬದಿಗೆ ಎರಡು, ಎರಡೂವರೆ ಅಡಿ ಇದ್ದರೆ ಇನ್ನೂ ಒಳ್ಳೆಯದು. ಪಾಯದ ಒಳಗೆ ತುಂಬುವ ಮಣ್ಣನ್ನು ಟಿಪ್ಪರಿನಿಂದ ಒಮ್ಮೆಲೇ ಸುರಿಸಿ ಮೇಲೆ ಮಾತ್ರ ಕುಟ್ಟಿಸಿದರೆ ಸಾಲದು. ಆರರಿಂದ ಎಂಟು ಇಂಚಿನ ಪದರ ಹಾಕಿ, ನೀರು ಚಿಮುಕಿಸಿ, ದಮ್ಮಸ್ಸು ಮಾಡಿ, ಆಮೇಲೆ ಮುಂದಿನ ಪದರ. ಗೆದ್ದಲಿನ ಔಷಧಿ ಈ ಹಂತದಲ್ಲೇ ಆಗಬೇಕು. ಅದರ ಮೇಲೆ ಆರರಿಂದ ಒಂಬತ್ತು ಇಂಚು ಕಲ್ಲು ಅಥವಾ 40 ಮಿ.ಮೀ. ಜಲ್ಲಿಯ ಹಾಸು, ಅದೇ ಸೋಲಿಂಗ್.

ಕೆಲಸ ಹಾಳಾಗುವುದು ಹೆಚ್ಚಾಗಿ ಇಲ್ಲಿ. ಸೋಲಿಂಗ್ ಕಲ್ಲಿನ ಸಂದಿಗೆ ಅಲ್ಲೇ ಬಿದ್ದಿರುವ ಕೆಂಪು ಮಣ್ಣನ್ನು ಎಳೆದು ಸಮ ಮಾಡಿಬಿಡುತ್ತಾರೆ. ಮಣ್ಣಿನ ಸಣ್ಣ ಸಣ್ಣ ರಂಧ್ರಗಳಲ್ಲಿ ನೀರು ತಾನಾಗಿ ಮೇಲೇರುತ್ತದೆ. ದಪ್ಪ ಜಲ್ಲಿಯ ನಡುವಿನ ದೊಡ್ಡ ಸಂದಿಯಲ್ಲಿ ಏರಲಾರದು. ಸೋಲಿಂಗ್ ಹಾಕುವುದೇ ಆ ಸಂದಿಗಾಗಿ. ಅದನ್ನು ಮಣ್ಣಿನಿಂದ ಮುಚ್ಚಿದರೆ ಹಾಕಿದ ಕಲ್ಲೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಸಮ ಮಾಡಲು ಸಣ್ಣ ಜಲ್ಲಿಯನ್ನೇ ಬಳಸಿ, ತೀರಾ ಮೇಲಕ್ಕೆ ಮಾತ್ರ ಜಲ್ಲಿಪುಡಿಯ ತೆಳು ಪದರ ಸಾಕು. ಅದು ಪ್ಲಾಸ್ಟಿಕ್ ಹಾಳೆ ತೂತಾಗದಿರಲಿ ಎಂದು.

ಹಾಳೆ ಎಂದರೆ 250 ಮೈಕ್ರಾನ್ ಪಾಲಿಥೀನ್, ಅಂಗಡಿಯಲ್ಲಿ ಸಾವಿರ ಗೇಜ್ ಎಂದು ಕೇಳಿ. ಒಂದು ಹಾಳೆಯ ಮೇಲೆ ಇನ್ನೊಂದು ಒಂದು ಅಡಿಯಷ್ಟು ಬರಬೇಕು, ಸೇರುವಲ್ಲಿ ಟೇಪ್ ಹಾಕಬೇಕು, ಗೋಡೆಯ ಬುಡದಲ್ಲಿ ಮೇಲಕ್ಕೆ ಮಡಚಿ ಡಿಪಿಸಿ ಪಟ್ಟಿಯವರೆಗೆ (ತೇವ ಗೋಡೆ ಹತ್ತದಂತೆ ಬುಡದಲ್ಲಿ ಹಾಕುವ ಪದರ) ತರಬೇಕು. ಮಡಚದೆ ಗೋಡೆಯ ಹತ್ತಿರ ಕತ್ತರಿಸಿದರೆ ಸ್ಕರ್ಟಿಂಗ್ (ಗೋಡೆಯ ಬುಡದ ಪಟ್ಟಿ) ಉದ್ದಕ್ಕೂ ತೇವದ ಗೆರೆ ಬರುವುದು ಗ್ಯಾರಂಟಿ. ಕಾಫಿ ಒಣಗಿಸಿ ಹಳೆಯದಾದ ಟಾರ್ಪಾಲನ್ನು ಇದಕ್ಕೆ ಹಾಕುವ ಉಳಿತಾಯ ಬೇಡ. ನೇಯ್ದ ಟಾರ್ಪಾಲಿನಲ್ಲಿ ಸವೆದ ತೂತುಗಳು ಕಣ್ಣಿಗೆ ಕಾಣುವುದಿಲ್ಲ. ಹಾಳೆಯ ಮೇಲೆ ನಾಲ್ಕು ಇಂಚು ಕಾಂಕ್ರೀಟು, ಸಿಮೆಂಟ್, ಮರಳು, ಜಲ್ಲಿ 1:3:6. ಹಾಕುವವರ ಗುದ್ದಲಿ ಹಾಳೆಗೆ ತಾಗದಂತೆ ಯಾರಾದರೂ ಎದುರಿಗೆ ನಿಂತಿರಬೇಕು.

ಗುಡ್ಡ ಕಡಿದು ಮಟ್ಟ ಮಾಡಿದ ಜಾಗಕ್ಕೆ ಇನ್ನೊಂದು ತೊಂದರೆ ಇದೆ. ಮನೆಯ ಅರ್ಧ ಹಳೆಯ ಗಟ್ಟಿ ಮಣ್ಣಿನ ಮೇಲೆ, ಇನ್ನರ್ಧ ತುಂಬಿದ ಮಣ್ಣಿನ ಮೇಲೆ. ಮಳೆಗೆ ತುಂಬಿದ ಭಾಗ ಕುಸಿಯುತ್ತದೆ, ಗಟ್ಟಿ ಭಾಗ ಇದ್ದಲ್ಲೇ ಇರುತ್ತದೆ, ಎರಡೂ ಸೇರುವ ಗೆರೆಯಲ್ಲೇ ಟೈಲ್ಸ್ ಸಾಲಾಗಿ ಬಿರುಕು ಬಿಡುತ್ತದೆ. ಟೈಲ್ ಕಂಪನಿಯನ್ನು ಬೈದು ಪ್ರಯೋಜನವಿಲ್ಲ. ಸಮಯ ಇದ್ದರೆ ಮಣ್ಣು ತುಂಬಿ ಒಂದು ಮಳೆಗಾಲ ಬಿಡಿ. ಇಲ್ಲದಿದ್ದರೆ ಆ ಭಾಗದ ಕಾಂಕ್ರೀಟಿಗೆ 8 ಮಿ.ಮೀ. ಕಬ್ಬಿಣವನ್ನು ಎಂಟೆಂಟು ಇಂಚಿಗೆ ಜಾಲರಿಯಾಗಿ ಕಟ್ಟಿಸಿ, ಇನ್ನೂ ಗಟ್ಟಿಯಾದ ಎಂ20 ದರ್ಜೆಯ ಕಾಂಕ್ರೀಟು ಹಾಕಿಸಿ. ಗೆರೆ ಎಲ್ಲಿ ಹಾದುಹೋಗುತ್ತದೆಂದು ಗೊತ್ತಿದ್ದರೆ ಟೈಲ್ ಹಿಗ್ಗಲು ಬಿಡುವ ಸಂದಿಯನ್ನೂ (ಎಕ್ಸ್‌ಪಾನ್ಶನ್ ಜಾಯಿಂಟ್) ಅದರ ಮೇಲೆಯೇ ಬಿಡಿಸಿ. ಗುಡ್ಡದ ಬದಿಯ ಗೋಡೆಯ ಹಿಂದೆ ನೆಲದ ಮಟ್ಟಕ್ಕಿಂತ ಕೆಳಗೆ ಹರಿಯುವ ಚರಂಡಿ ಇರಲೇಬೇಕು. ಜುಲೈ ತಿಂಗಳಲ್ಲಿ ಆ ಬದಿಯಲ್ಲಿ ಒರತೆ ಏಳುತ್ತದೆ. ಅದಕ್ಕೆ ಹೊರಗೆ ದಾರಿ ಸಿಗದಿದ್ದರೆ ಒಳಗೆ ಹುಡುಕಿಕೊಳ್ಳುತ್ತದೆ.

ಹಳೆಯ ಮನೆಗೆ ಹೊಸ ನೆಲ ಹಾಕಿಸುವವರು ಒಂದು ಪರೀಕ್ಷೆ ಮಾಡಬೇಕು, ಅದೂ ಮಳೆಗಾಲದಲ್ಲಿ. ಎರಡಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಇಟ್ಟು ನಾಲ್ಕೂ ಅಂಚನ್ನು ಟೇಪಿನಿಂದ ಮುಚ್ಚಿ. ಎರಡು ದಿನ ಬಿಟ್ಟು ನೋಡಿ. ಹಾಳೆಯ ಕೆಳಗೆ ಹನಿ ಕೂತಿದ್ದರೆ, ನೆಲದ ಬಣ್ಣ ಕಪ್ಪಾಗಿದ್ದರೆ ನೀರು ಮಣ್ಣಿನಿಂದ ಬರುತ್ತಿದೆ. ಹಾಳೆಯ ಮೇಲೆ ಮಾತ್ರ ಹನಿ ಇದ್ದರೆ ಅದು ಗಾಳಿಯ ತೇವ. ಎರಡಕ್ಕೂ ಮದ್ದು ಬೇರೆ.

ಮಣ್ಣಿನಿಂದ ಬರುವ ನೀರಿನ ಮೇಲೆ ವಿನೈಲ್, ಲ್ಯಾಮಿನೇಟ್, ಮರ ಯಾವುದನ್ನೂ ಹಾಕಬೇಡಿ. ಅಡಿಯಲ್ಲಿ ಬೂಸ್ಟು ಬೆಳೆದು ವಾಸನೆ ಶುರುವಾಗುತ್ತದೆ. ಹಳೆಯ ನೆಲದ ಮೇಲೆಯೇ ನೀರು ಹೀರದ ವಿಟ್ರಿಫೈಡ್ ಟೈಲ್ ಅಂಟಿಸಿದರೆ ನೆಲ ಒಣಗಿದಂತೆ ಕಾಣುತ್ತದೆ, ಆದರೆ ದಾರಿ ಮುಚ್ಚಿದ ನೀರು ಗೋಡೆ ಹತ್ತುತ್ತದೆ. ಮೊದಲು ಹೊರಗಿನ ಚರಂಡಿ, ಮಾಡಿನ (ಛಾವಣಿಯ) ನೀರು ಬೀಳುವ ಜಾಗ, ಏರಿ ನಿಂತಿರುವ ಅಂಗಳದ ಮಟ್ಟ ಇವನ್ನು ಸರಿ ಮಾಡಿ. ಎಷ್ಟೋ ಹಳೆಯ ಮನೆಗಳಲ್ಲಿ ವರ್ಷ ವರ್ಷ ಮಣ್ಣು ಹಾಕಿ ಹಾಕಿ ಅಂಗಳವೇ ಪ್ಲಿಂತಿನ ಹತ್ತಿರ ಬಂದಿರುತ್ತದೆ. ಅಷ್ಟಾದ ಮೇಲೂ ತೇವ ನಿಲ್ಲದಿದ್ದರೆ ನೆಲ ಒಡೆದು ಮೇಲೆ ಹೇಳಿದ ಪದರಗಳನ್ನು ಹೊಸದಾಗಿ ಹಾಕುವುದೇ ದಾರಿ.

ಗಾಳಿಯ ತೇವಕ್ಕೆ ನೆಲ ಕಾರಣವಲ್ಲ. ರಾತ್ರಿ ತಣ್ಣಗಾದ ನೆಲದ ಮೇಲೆ ಬೆಳಿಗ್ಗೆ ಬೆಚ್ಚಗಿನ ಒದ್ದೆ ಗಾಳಿ ಹಾಯ್ದಾಗ ಹನಿ ಕಟ್ಟುತ್ತದೆ. ಪಾಲಿಶ್ ಟೈಲಿನ ಮೇಲೆ ಅದು ಕಣ್ಣಿಗೂ ಕಾಣುತ್ತದೆ, ಕಾಲಿಗೂ ಗೊತ್ತಾಗುತ್ತದೆ. ಒರೆಸಿ ಒರೆಸಿ ಸುಸ್ತಾಗುವ ಬದಲು ಆ ಹೊತ್ತಿಗೆ ಕಿಟಕಿ ಮುಚ್ಚಿ ಫ್ಯಾನ್ ಹಾಕಿ.

ಪೆಟ್ಟಿಗೆಯ ಮೇಲಿನ ಬರಹ

ಟೈಲ್ ಪೆಟ್ಟಿಗೆಯಲ್ಲಿ ಮೂರು ವಿಷಯ ನೋಡಿದರೆ ಸಾಕು. ಮೊದಲನೆಯದು ನೀರು ಹೀರುವ ಪ್ರಮಾಣ. ವಿಟ್ರಿಫೈಡ್ ಟೈಲಿಗೆ ಅದು ಶೇಕಡಾ 0.5 ಅಥವಾ ಕಡಿಮೆ. ಗೋಡೆಯ ಸೆರಾಮಿಕ್ ಟೈಲಿಗೆ ಶೇಕಡಾ 10ಕ್ಕಿಂತ ಹೆಚ್ಚು. ಗೋಡೆಯ ಟೈಲ್ ಅಗ್ಗಕ್ಕೆ ಸಿಕ್ಕಿತೆಂದು ನೆಲಕ್ಕೆ ಹಾಕಿದರೆ ಒಡೆಯುತ್ತದೆ, ಇಲ್ಲವೇ ಅಡಿಯಿಂದ ನೀರು ಕುಡಿದು ಬಣ್ಣ ಬದಲಿಸುತ್ತದೆ. ಪೆಟ್ಟಿಗೆ ಇಲ್ಲದ ಸ್ಟಾಕ್ ಮಾಲಾದರೆ ಟೈಲನ್ನು ಮಗುಚಿ ಬೆನ್ನಿಗೆ ಒಂದು ಚಮಚ ನೀರು ಹಾಕಿ. ಹಾಗೇ ನಿಂತರೆ ವಿಟ್ರಿಫೈಡ್, ಕ್ಷಣದಲ್ಲಿ ಹೀರಿಕೊಂಡರೆ ಅಲ್ಲ.

ಎರಡನೆಯದು ಜಾರುವಿಕೆ. ಆರ್ ಪಕ್ಕದ ಸಂಖ್ಯೆ ಹೆಚ್ಚಿದಷ್ಟೂ ಜಾರುವುದು ಕಡಿಮೆ. ಆರ್9 ಎಂದರೆ ಒಣ ಕೋಣೆಗೆ ಮಾತ್ರ. ಅಡುಗೆಮನೆಗೆ ಆರ್10, ಬಚ್ಚಲು ಮತ್ತು ಜಗಲಿಗೆ ಆರ್11, ತೆರೆದ ಇಳಿಜಾರಿಗೆ ಆರ್12. ಹೊಳೆಯುವ ಪಾಲಿಶ್ ಟೈಲ್‌ಗಳಿಗೆ ಈ ಸಂಖ್ಯೆಯನ್ನು ಹೆಚ್ಚಾಗಿ ಬರೆದೇ ಇರುವುದಿಲ್ಲ. ಕಾರಣ ಊಹಿಸಬಹುದು.

ಮೂರನೆಯದು ಬ್ಯಾಚ್ ಮತ್ತು ಶೇಡ್ ನಂಬರು. ಒಂದೇ ಡಿಸೈನಿನ ಎರಡು ಬ್ಯಾಚುಗಳ ಬಣ್ಣದಲ್ಲಿ, ಅಳತೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಇದ್ದರೂ ಹಾಸಿದಾಗ ಕಾಣುತ್ತದೆ. ಜೀಪಿಗೆ ಹೇರುವ ಮೊದಲೇ ಎಲ್ಲ ಪೆಟ್ಟಿಗೆಯ ನಂಬರು ಒಂದೇ ಇದೆಯೇ ಎಂದು ನೋಡಿ. ತೋಟದ ದಾರಿ ಹತ್ತಿಸಿದ ಮಾಲನ್ನು ವಾಪಸು ಕಳಿಸುವುದು ಸುಲಭವಲ್ಲ.

ಇನ್ನು ಜಾತಿ. ಡಬಲ್ ಚಾರ್ಜ್ ಟೈಲಿನಲ್ಲಿ ಮೇಲಿನ 3ರಿಂದ 4 ಮಿ.ಮೀ. ಬಣ್ಣದ ಪದರ ಇರುತ್ತದೆ, ಸವೆದರೂ ಅದೇ ಬಣ್ಣ. ಜಿವಿಟಿ ಎಂದರೆ ಮೇಲೆ ಪ್ರಿಂಟ್ ಮಾಡಿ ಗ್ಲೇಜ್ ಕೊಟ್ಟದ್ದು. ಮರದಂತೆ, ಮಾರ್ಬಲಿನಂತೆ ಕಾಣುವುದೆಲ್ಲ ಇದೇ. ಗ್ಲೇಜಿಗೆ ಮರಳಿನ ಕಣ ಶತ್ರು, ನಮ್ಮ ಕೆಂಪು ಮಣ್ಣಿನಲ್ಲಿ ಅದು ಬೇಕಾದಷ್ಟಿದೆ. ಮುಂಬಾಗಿಲಿನಿಂದ ಹಾಲಿಗೆ ಹೋಗುವ ದಾರಿಯಲ್ಲಿ ಹೊಳಪಿನ ಜಿವಿಟಿ ಮೊದಲು ಮಂಕಾಗುವುದು ಇದರಿಂದ.

ಜಗಲಿ

ಐನ್‌ಮನೆಗಳ (ಕೊಡವ ಕುಟುಂಬದ ಮೂಲ ಮನೆಗಳ) ಜಗಲಿ ಎತ್ತರದಲ್ಲಿ ಇರುವುದೂ ಮಾಡು ಉದ್ದಕ್ಕೆ ಚಾಚಿರುವುದೂ ಅಲಂಕಾರಕ್ಕಲ್ಲ. ಮಾಡಿನ ಚಾಚು ಮೂರಡಿ ಇದ್ದರೆ ಜಗಲಿಯ ನೆಲ ಅರ್ಧ ಉಳಿದ ಹಾಗೆ. ಒಂದೂವರೆ ಅಡಿಯ ಆರ್‌ಸಿಸಿ ಸಜ್ಜಾ ಮಾತ್ರ ಇದ್ದರೆ ಗಾಳಿ ಮಳೆಗೆ ಇರಚಲು ಬಾಗಿಲಿನವರೆಗೆ ಬರುತ್ತದೆ. ಅಂಥಲ್ಲಿ ಜಗಲಿಯನ್ನು ಹೊರಾಂಗಣ ಎಂದೇ ಲೆಕ್ಕ ಹಾಕಿ.

ಇಲ್ಲಿಗೆ ನನ್ನ ಮೊದಲ ಆಯ್ಕೆ ಫ್ಲೇಮ್ಡ್ ಗ್ರಾನೈಟ್, ಅಂದರೆ ಬೆಂಕಿ ಹಾಯಿಸಿ ಮೈ ಒರಟು ಮಾಡಿದ್ದು. 18ರಿಂದ 20 ಮಿ.ಮೀ. ದಪ್ಪ, ಬೂದು ಬಣ್ಣ. ಒದ್ದೆಯಾದರೂ ಜಾರದು, ಬ್ರಷ್ ಹಾಕಿ ತಿಕ್ಕಿದರೂ ಏನೂ ಆಗದು. ಅಷ್ಟು ಖರ್ಚು ಬೇಡವೆಂದರೆ ಆರ್11ರ ಮ್ಯಾಟ್ ವಿಟ್ರಿಫೈಡ್. ಬಣ್ಣ ಕಂದು, ಬೂದು, ಮಣ್ಣಿನ ಬಣ್ಣ ಏನಾದರೂ ಆಗಲಿ, ಬಿಳಿ ಮಾತ್ರ ಬೇಡ. ಟೈಲ್ ಸಂದಿಗೆ ತುಂಬುವ ಗ್ರೌಟೂ ಕಡು ಬಣ್ಣದ್ದೇ ಇರಲಿ. ತಿಳಿ ಗ್ರೌಟಿಗೆ ಹಿಡಿದ ಕೆಂಪು ಮಣ್ಣಿನ ಕಲೆ ಯಾವ ಫಿನೈಲಿಗೂ ಹೋಗದು. ಹೊರಕ್ಕೆ ಪ್ರತಿ ಹತ್ತಡಿಗೆ ಒಂದು, ಒಂದೂವರೆ ಇಂಚಿನ ವಾಟ ಕೊಡಿ.

ಕಡಪ ಕಲ್ಲು ಅಗ್ಗ, ಒಣಗಿದ್ದಾಗ ಚೆಂದ, ಒದ್ದೆಯಾದಾಗ ಅಪಾಯ. ನೆರಳಿನ ಬದಿಯಲ್ಲಿ ಪಾಚಿ ಕಟ್ಟಿದರಂತೂ ಕೇಳುವುದೇ ಬೇಡ. ಶಹಾಬಾದ್ ಕಲ್ಲು ಸ್ವಲ್ಪ ವಾಸಿ, ಆದರೆ ಸದಾ ಒದ್ದೆ ಇದ್ದಲ್ಲಿ ಪದರ ಪದರವಾಗಿ ಏಳುತ್ತದೆ. ಸುಟ್ಟ ಮಣ್ಣಿನ ಬಿಲ್ಲೆಗಳು ಹಳೆಯ ಬಂಗಲೆಗಳ ಜಗಲಿಯಲ್ಲಿ ಈಗಲೂ ಇವೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಘಟ್ಟದ ಮೇಲಕ್ಕೂ ಕೆಳಕ್ಕೂ ಹಬ್ಬಿದ ಮಾಲು ಅದು. ಮಾಡಿನ ಆಳದಲ್ಲಿ, ಇರಚಲು ತಾಗದ ಕಡೆ ಚೆನ್ನಾಗಿ ಬಾಳುತ್ತದೆ. ನೀರು ಹೀರುವ ವಸ್ತುವಾದ್ದರಿಂದ ಹಾಕುವ ಮೊದಲು ಸೀಲರ್ ಕೊಡಬೇಕು, ಇರಚಲು ಬೀಳುವಲ್ಲಿ ಪಾಚಿ ತಪ್ಪದು.

ಗಂಬೂಟು ಕಳಚಿ ಕಾಲು ತೊಳೆಯಲು ಜಗಲಿಯ ಪಕ್ಕ ಮೂರಡಿ ಚೌಕದ ತಗ್ಗು ಜಾಗ, ಒಂದು ನಲ್ಲಿ, ನೀರು ಹೋಗಲು ಜಾಲರಿ ಮಾಡಿಸಿಕೊಳ್ಳಿ. ಮಣ್ಣಿನ ಜೊತೆ ಇಂಬಳವೂ ಅಲ್ಲೇ ಉಳಿಯುತ್ತದೆ. ಒಳಗಿನ ನೆಲಕ್ಕೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ.

ಹಾಲ್, ಮತ್ತು ಕೆಂಪು ಗಾರೆಯ ಮಾತು

ಹಾಲಿಗೆ ಎರಡಡಿ ಚೌಕದ ಡಬಲ್ ಚಾರ್ಜ್ ಅಥವಾ ಮ್ಯಾಟ್ ವಿಟ್ರಿಫೈಡ್ ಹಾಕಿ ಸುಮ್ಮನಾಗಬಹುದು. ದೀಪ ಇಡುವ ಜಾಗದಲ್ಲಿ ಎಣ್ಣೆ ತೊಟ್ಟಿಕ್ಕುತ್ತದೆ. ಅಲ್ಲಿ ಸೀಲರ್ ಕೊಡದ ತಿಳಿ ಬಣ್ಣದ ಗ್ರಾನೈಟ್ ಬೇಡ, ಎಣ್ಣೆ ಇಳಿದ ಕಲೆ ಮತ್ತೆ ಹೋಗದು. ಮಾರ್ಬಲ್ ಬೇಕೇ ಬೇಕು ಎನ್ನುವವರು ಮೇಲಿನ ಮಹಡಿಗೆ ಹಾಕಿಸಿ. ನೆಲಮಹಡಿಯಲ್ಲಿ ಅಡಿಯಿಂದ ಬರುವ ತೇವಕ್ಕೆ ಬಿಳಿ ಮಾರ್ಬಲಿನೊಳಗಿನ ಕಬ್ಬಿಣದ ಅಂಶ ತುಕ್ಕು ಬಣ್ಣ ತಿರುಗುತ್ತದೆ, ಪಾಲಿಶ್ ಮಾಡಿದರೂ ಅದು ಕಲ್ಲಿನ ಒಳಗೇ ಇರುತ್ತದೆ.

ರೆಡ್ ಆಕ್ಸೈಡ್ ನೆಲ, ಅಂದರೆ ಕೆಂಪು ಗಾರೆ, ಈಗ ಹೋಂಸ್ಟೇಗಳ ದೆಸೆಯಿಂದ ಮತ್ತೆ ಕೇಳಿಬರುತ್ತಿದೆ. ಅದರ ಸಾಮಾನು ಅಗ್ಗ, ಕೈ ದುಬಾರಿ. ಮಾಡಿ ಗೊತ್ತಿರುವ ಮೇಸ್ತ್ರಿ ಸಿಕ್ಕರೆ ಮಾತ್ರ ಮುಂದುವರಿಯಿರಿ. ಅವರು ಹಿಂದೆ ಮಾಡಿದ, ಕನಿಷ್ಠ ಎರಡು ಮಳೆಗಾಲ ಕಂಡ ನೆಲವನ್ನು ಹೋಗಿ ನೋಡಿ.

ಕ್ರಮ ಹೀಗೆ. ಕಾಂಕ್ರೀಟನ್ನು ಒರಟಾಗಿ ಬಿಟ್ಟು, ತೊಳೆದು, ಸಿಮೆಂಟ್ ಹಾಲು ಬಳಿದು, ಅದರ ಮೇಲೆ ಒಂದಿಂಚು 1:3 ಗಾರೆ. ಕೋಣೆಯನ್ನು ನಾಲ್ಕಡಿ ಚೌಕದ ಅಂಕಣಗಳಾಗಿ 4 ಮಿ.ಮೀ. ಗಾಜಿನ ಪಟ್ಟಿಯಿಂದ ಭಾಗ ಮಾಡಬೇಕು. ಪಟ್ಟಿ ಇಲ್ಲದ ದೊಡ್ಡ ನೆಲ ತನಗೆ ಬೇಕಾದಲ್ಲಿ ಸೀಳುತ್ತದೆ. ಬಣ್ಣದ ಪುಡಿ ಸಿಮೆಂಟಿನ ತೂಕದ ಶೇಕಡಾ ಹತ್ತನ್ನು ಮೀರದಿರಲಿ, ಐವತ್ತು ಕಿಲೋ ಚೀಲಕ್ಕೆ ಐದು ಕಿಲೋ. ಹೆಚ್ಚು ಹಾಕಿದರೆ ಕೆಂಪು ಗಾಢವಾಗುತ್ತದೆ, ಮೈ ಪುಡಿಯಾಗುತ್ತದೆ. ಒಂದು ಕೋಣೆಗೆ ಬೇಕಾದಷ್ಟನ್ನು ಒಣದಾಗಿ ಒಂದೇ ಸಲ ಬೆರೆಸಿ ಜರಡಿ ಹಿಡಿದಿಟ್ಟುಕೊಳ್ಳಬೇಕು, ಇಲ್ಲದಿದ್ದರೆ ಅಂಕಣಕ್ಕೊಂದು ಬಣ್ಣ. ಅಡಿಯ ಗಾರೆ ಹಸಿ ಇರುವಾಗಲೇ ಬಣ್ಣದ ಪದರ ಕೂರಬೇಕು. ಗಾರೆ ಒಣಗಿದ ಮೇಲೆ ಬಳಿದದ್ದು ವರ್ಷದೊಳಗೆ ಹಪ್ಪಳದಂತೆ ಏಳುತ್ತದೆ. ಉಜ್ಜುವ ಹದ ಎಂದರೆ ಹೆಬ್ಬೆರಳು ಒತ್ತಿದಾಗ ಗುರುತು ಬೀಳಬೇಕು, ಅಂಟಬಾರದು. ಆ ಹದದಲ್ಲಿ ಉಕ್ಕಿನ ಕರಣೆಯಿಂದ ಒತ್ತಿ ಒತ್ತಿ ಉಜ್ಜಬೇಕು, ಸಲೀಸಾಗಲಿ ಎಂದು ಮೇಲೆ ನೀರು ಚಿಮುಕಿಸಬಾರದು. ಹಿಡಿದ ಕೋಣೆ ಅದೇ ದಿನ ಮುಗಿಯಬೇಕು. ಮರುದಿನದಿಂದ ಬದು ಕಟ್ಟಿ ಏಳರಿಂದ ಹತ್ತು ದಿನ ನೀರು ನಿಲ್ಲಿಸಿ. ತಿಂಗಳ ನಂತರ ತೆಂಗಿನೆಣ್ಣೆ ಅಥವಾ ಮೇಣ.

ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗಿನ ತಂಪು ಇದಕ್ಕೆ ಹೇಳಿ ಮಾಡಿಸಿದ ಕಾಲ. ಮಾರ್ಚ್ ಬಿಸಿಲಿನಲ್ಲಿ ಕಿಟಕಿ ತೆರೆದಿಟ್ಟು ಮಾಡಿದರೆ ಮೇಲ್ಮೈ ಬೇಗ ಒಣಗಿ ಜೇಡರ ಬಲೆಯಂಥ ಬಿರುಕು ಬರುತ್ತದೆ. ಅಡಿಯಲ್ಲಿ ತೇವ ಇದ್ದರೆ ಬಿಳಿ ಉಪ್ಪು ಮೇಲೆ ಬರುತ್ತಲೇ ಇರುತ್ತದೆ, ಎಣ್ಣೆ ಹಾಕಿದಷ್ಟೂ ಅಸಹ್ಯವಾಗಿ ಕಾಣುತ್ತದೆ. ಆಸಿಡ್ ತಾಗಿದರೆ ಬಣ್ಣ ಹೋಗುತ್ತದೆ.

ಅಡುಗೆಮನೆ

ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ), ನಿಂಬೆ, ಹುಣಸೆ. ಇವು ಸುಣ್ಣದ ಕಲ್ಲಿನ ಜಾತಿಯ ಯಾವುದನ್ನೂ ಬಿಡುವುದಿಲ್ಲ: ಮಾರ್ಬಲ್, ಕೋಟಾ, ಕಡಪ, ಶಹಾಬಾದ್ ಎಲ್ಲ ಮೈ ಕೊರೆಸಿಕೊಂಡು ಮಂಕಾಗುತ್ತವೆ. ಕಾಚಂಪುಳಿ ಕಪ್ಪು ಕಲೆಯನ್ನೂ ಬಿಟ್ಟುಹೋಗುತ್ತದೆ. ಪಂದಿಕರಿಯ ಕೊಬ್ಬು ಸಿಡಿದ ಪಾಲಿಶ್ ಟೈಲ್ ಮೇಲೆ ಕಾಲಿಟ್ಟರೆ ಆರ್10 ಯಾಕೆ ಬೇಕೆಂದು ತಿಳಿಯುತ್ತದೆ. ಮ್ಯಾಟ್ ವಿಟ್ರಿಫೈಡ್, ಮಧ್ಯಮ ಬಣ್ಣ, 2ರಿಂದ 3 ಮಿ.ಮೀ. ಸಂದಿ, ಎಪಾಕ್ಸಿ ಗ್ರೌಟ್ (ಕಲಸಿದರೆ ಗಟ್ಟಿಯಾಗುವ ರಾಳದ್ದು). ಸಿಮೆಂಟ್ ಗ್ರೌಟ್ ಎಣ್ಣೆ, ಅರಿಶಿನ ಎರಡನ್ನೂ ಕುಡಿಯುತ್ತದೆ, ಮಳೆಗಾಲದಲ್ಲಿ ಬೂಸ್ಟಿಗೆ ಮನೆಯಾಗುತ್ತದೆ.

ಎಪಾಕ್ಸಿ ಕಲಸಿದ ಮೇಲೆ ಮುಕ್ಕಾಲು ಗಂಟೆಯೊಳಗೆ ಬಳಸಿ ಮುಗಿಸಬೇಕು. ಸ್ವಲ್ಪ ಸ್ವಲ್ಪವೇ ಕಲಸಿಸಿ. ಟೈಲಿನ ಮೇಲೆ ಉಳಿದ ಮಸುಕನ್ನು ಅದೇ ದಿನ ಸ್ಪಂಜಿನಿಂದ ತೆಗೆಯದಿದ್ದರೆ ಶಾಶ್ವತ. ಒರಟು ಮ್ಯಾಟ್ ಟೈಲಿನಲ್ಲಿ ಇದು ಇನ್ನೂ ಬೇಗ ಹಿಡಿಯುತ್ತದೆ.

ಸೌದೆ ಒಲೆ ಉಳಿಸಿಕೊಂಡ ಮನೆಗಳಲ್ಲಿ ಒಲೆಯ ಮುಂದೆ ಮೂರಡಿಯಷ್ಟು ಪ್ರತ್ಯೇಕ ಮಾಡಿ, ದಪ್ಪ ಕಲ್ಲು ಅಥವಾ ಗಾರೆ ಇರಲಿ. ಬಿದ್ದ ಕೆಂಡಕ್ಕೆ ವಿನೈಲ್ ಸುಟ್ಟು ತೂತಾಗುತ್ತದೆ, ಟೈಲಿನ ಗ್ಲೇಜ್ ಕೆಲವೊಮ್ಮೆ ಸೀಳುತ್ತದೆ.

ಬಚ್ಚಲು

ಬಚ್ಚಲಿನಲ್ಲಿ ಟೈಲ್ ನೀರು ತಡೆಯುವುದಿಲ್ಲ, ತಡೆಯುವುದು ಅದರಡಿಯ ವಾಟರ್‌ಪ್ರೂಫಿಂಗ್. ಪೈಪ್ ಕೆಲಸ ಮುಗಿದ ಮೇಲೆ ನೆಲ, ಗೋಡೆ ಸೇರುವ ಮೂಲೆಗೆ ಗಾರೆಯಿಂದ ಇಳಿಜಾರು ಕೊಟ್ಟು ದುಂಡು ಮಾಡಿ, ಪಾಲಿಮರ್ ಸಿಮೆಂಟ್ ಕೋಟಿಂಗನ್ನು ಎರಡು ಸಲ ಬಳಿಯಬೇಕು. ಮೊದಲನೆಯದು ಒಂದು ದಿಕ್ಕಿಗೆ, ಒಣಗಿದ ಮೇಲೆ ಎರಡನೆಯದು ಅಡ್ಡ ದಿಕ್ಕಿಗೆ. ಗೋಡೆಗೆ ಒಂದಡಿ, ಸ್ನಾನ ಮಾಡುವ ಬದಿಗೆ ಆರಡಿ. ಆಮೇಲೆ ನೀರು ಹೊರಹೋಗುವ ಟ್ರ್ಯಾಪ್ ಮುಚ್ಚಿ 48 ಗಂಟೆ ನೀರು ನಿಲ್ಲಿಸಿ, ಕೆಳಗಿನ ತಾರಸಿ ಮತ್ತು ಪಕ್ಕದ ಗೋಡೆ ನೋಡಿ. ಸೋರುವುದು ಹೆಚ್ಚಾಗಿ ಪೈಪಿನ ಸುತ್ತ, ನಡು ನೆಲದಲ್ಲಿ ಅಲ್ಲ.

ವಾಟ 1:80. ಎಂಟಡಿ ಉದ್ದಕ್ಕೆ 30 ಮಿ.ಮೀ. ಇಷ್ಟು ವಾಟಕ್ಕೆ ಎರಡಡಿಯ ಟೈಲ್ ಹೊಂದುವುದಿಲ್ಲ, ನಾಲ್ಕೂ ಕಡೆಯಿಂದ ಟ್ರ್ಯಾಪಿಗೆ ಇಳಿಸಬೇಕಾದರೆ ಮೂಲೆಯಿಂದ ಮೂಲೆಗೆ ಕತ್ತರಿಸಬೇಕು. ಒಂದಡಿ ಚೌಕದ (300 ಮಿ.ಮೀ.) ಟೈಲ್ ಇದಕ್ಕೇ ಇರುವುದು. ಸಂದಿಗಳು ಹೆಚ್ಚಿದ್ದರೆ ಕಾಲಿಗೆ ಹಿಡಿತವೂ ಹೆಚ್ಚು. ಹೊರಗಿನ ಕೋಣೆಗಿಂತ ಬಚ್ಚಲ ನೆಲ 20 ಮಿ.ಮೀ. ತಗ್ಗಿನಲ್ಲಿರಲಿ, ಬಾಗಿಲಿಗೆ ಗ್ರಾನೈಟ್ ಪಟ್ಟಿ. ಮನೆಯಲ್ಲಿ ಗಾಲಿಕುರ್ಚಿ ಬಳಸುವವರಿದ್ದರೆ ಪಟ್ಟಿಯನ್ನು ಬಿಟ್ಟು ಬಾಗಿಲಲ್ಲೇ ಉದ್ದದ ಜಾಲರಿ ಹಾಕಿಸಿ. ಹಂಡೆ ಒಲೆ ಒಳಗಿದ್ದರೆ ಅದರ ಸುತ್ತ ಕಲ್ಲಿನ ಚಪ್ಪಡಿ. ತಿಂಗಳಿಗೊಮ್ಮೆ ಆಸಿಡ್ ಸುರಿದು ತೊಳೆಯುವ ಅಭ್ಯಾಸ ಸಿಮೆಂಟ್ ಗ್ರೌಟನ್ನು ಕರಗಿಸುತ್ತದೆ, ಅಲ್ಲಿಂದ ನೀರು ಇಳಿಯುತ್ತದೆ.

ಮಲಗುವ ಕೋಣೆ ಮತ್ತು ಮರದ ಆಸೆ

ಡಿಸೆಂಬರಿನ ಬೆಳಿಗ್ಗೆ ಟೈಲ್ ಮೇಲೆ ಕಾಲಿಡಲು ಆಗುವುದಿಲ್ಲ, ಗ್ರಾನೈಟ್ ಅದಕ್ಕಿಂತ ತಣ್ಣಗೆ. ಮರ ಬೆಚ್ಚಗಿರುತ್ತದೆ, ನಿಜ. ಹಳೆಯ ಮನೆಗಳ ಅಟ್ಟದಲ್ಲಿ ಹಲಸು, ನಂದಿ, ಹೊನ್ನೆಯ ಹಲಗೆಗಳು ಉಳಿದದ್ದು ಕೆಳಗಿನಿಂದಲೂ ಮೇಲಿನಿಂದಲೂ ಗಾಳಿ ಆಡುತ್ತಿದ್ದುದರಿಂದ, ಅಡುಗೆಮನೆಯ ಹೊಗೆಯೂ ತಾಗುತ್ತಿದ್ದುದರಿಂದ. ಅದೇ ಹಲಗೆಯನ್ನು ನೆಲಮಹಡಿಯ ಕಾಂಕ್ರೀಟಿಗೆ ಅಂಟಿಸಿದರೆ ಲೆಕ್ಕ ಬೇರೆ. ಮರ ಬೇಕೆಂದರೆ ಮೇಲಿನ ಮಹಡಿಗೆ ಹಾಕಿ. ತೋಟದ ಮರವನ್ನೇ ಕೊಯ್ಯಿಸುವುದಾದರೆ ಅರಣ್ಯ ಇಲಾಖೆಯ ಅನುಮತಿ ಮೊದಲು, ಮೇಸ್ತ್ರಿಯ ಮಾತು ಆಮೇಲೆ. ಸಿಲ್ವರ್ ಓಕ್ ಧಾರಾಳವಾಗಿ ಸಿಗುತ್ತದೆ, ಆದರೆ ಹುಳುವಿಗೆ ಪ್ರಿಯ, ಮೆದು. ಔಷಧಿ ಕೊಡದೆ ನೆಲಕ್ಕೆ ಹಾಕುವಂಥದ್ದಲ್ಲ.

ಮರ ಅಗಲಕ್ಕೆ ಹಿಗ್ಗುತ್ತದೆ, ಉದ್ದಕ್ಕೆ ಬಹಳ ಕಡಿಮೆ. ಮಾರ್ಚಿನಲ್ಲಿ ಬಿಗಿಯಾಗಿ ಜೋಡಿಸಿದ್ದು ಜುಲೈಯಲ್ಲಿ ಹಿಗ್ಗಿ ನಡುವೆ ಉಬ್ಬುತ್ತದೆ. ಜುಲೈಯಲ್ಲಿ ಜೋಡಿಸಿದ್ದು ಮಾರ್ಚಿನಲ್ಲಿ ಸಂದಿ ಬಿಡುತ್ತದೆ. ಅಕ್ಟೋಬರ್, ನವೆಂಬರ್ ಇವೆರಡರ ನಡುವಿನ ಕಾಲ. ಹಲಗೆಯನ್ನು ಅದೇ ಕೋಣೆಯಲ್ಲಿ ಮೂರು ದಿನವಾದರೂ ಬಿಚ್ಚಿಟ್ಟು, ಗೋಡೆಯ ಸುತ್ತ 10 ಮಿ.ಮೀ. ಜಾಗ ಬಿಟ್ಟು ಹಾಕಿಸಿ. ಸ್ಕರ್ಟಿಂಗನ್ನು ಗೋಡೆಗೆ ಹೊಡೆಯಬೇಕು, ಹಲಗೆಗೆ ಅಲ್ಲ.

ಲ್ಯಾಮಿನೇಟ್ ಈ ಜಿಲ್ಲೆಗೆ ಬೇಡ. ಒಳಗಿರುವುದು ಒತ್ತಿದ ಮರದ ಪುಡಿ, ಒಮ್ಮೆ ಉಬ್ಬಿದ ಅಂಚು ಮತ್ತೆ ಕೂರುವುದಿಲ್ಲ. ಕಲ್ಲುಪುಡಿ, ಪ್ಲಾಸ್ಟಿಕ್ ಬೆರೆಸಿ ಮಾಡಿದ ಎಸ್‌ಪಿಸಿ ಹಲಗೆಗೆ ನೀರಿನ ಭಯವಿಲ್ಲ, ಆದರೆ ಎರಡು ಮೀಟರಿನಲ್ಲಿ 3 ಮಿ.ಮೀ.ಗಿಂತ ಹೆಚ್ಚು ಏರುಪೇರು ಇದ್ದರೆ ಲಾಕ್ ಮುರಿಯುತ್ತದೆ. ನೆಲಮಹಡಿಯಲ್ಲಾದರೆ, ಮೇಲೆ ಹೇಳಿದ ಹಾಳೆ ಪರೀಕ್ಷೆ ಪಾಸಾದ ಕೋಣೆಗೆ ಮಾತ್ರ. ಉಳಿದವರಿಗೆ ಮ್ಯಾಟ್ ಟೈಲ್, ಹಾಸಿಗೆಯ ಪಕ್ಕ ಒಂದು ಚಾಪೆ. ನನ್ನ ಮಟ್ಟಿಗೆ ಇದು ಸೋಲಲ್ಲ, ಜಾಣತನ.

2018 ಮತ್ತು 2019ರಲ್ಲಿ ಕಾವೇರಿ ನುಗ್ಗಿದ ಕುಶಾಲನಗರದ ತಗ್ಗು ಬಡಾವಣೆಗಳವರಿಗೆ ಮರ, ಎಸ್‌ಪಿಸಿ ಎರಡೂ ಬೇಡ. ನೀರು ಇಳಿದ ಮೇಲೆ ತೊಳೆದು ಮುಗಿಸಬಹುದಾದದ್ದು ಟೈಲ್ ಮತ್ತು ಎಪಾಕ್ಸಿ ಗ್ರೌಟ್ ಮಾತ್ರ. ಸ್ಕರ್ಟಿಂಗನ್ನು ಒಂದಡಿ ಎತ್ತರಕ್ಕೆ ಏರಿಸಿ.

ಮೆಟ್ಟಿಲಿಗೆ ಪಾಲಿಶ್ ಗ್ರಾನೈಟ್ ಹಾಕಿಸುವವರು ಅಂಚಿನಲ್ಲಿ ಮೂರು ಗೀರು ಕೊರೆಸಿ. ಅಷ್ಟೇ.

ಲೆಕ್ಕ ಮತ್ತು ಕೂರಿಸುವುದು

12×14 ಅಡಿ ಕೋಣೆ, 168 ಚದರಡಿ. ಎರಡಡಿ ಟೈಲ್ ಎಂದು ಕರೆಯುವುದು ನಿಜಕ್ಕೂ 600 ಮಿ.ಮೀ., ಎರಡಡಿಗಿಂತ ಒಂದು ಸೆಂಟಿಮೀಟರ್ ಕಡಿಮೆ. ನಾಲ್ಕು ಟೈಲಿನ ಪೆಟ್ಟಿಗೆ 16 ಚದರಡಿ ಎನ್ನುತ್ತಾರೆ, ಬರುವುದು 15.5. ಚದರಡಿ ಲೆಕ್ಕಕ್ಕೆ ಶೇಕಡಾ ಎಂಟು ವೇಸ್ಟೇಜ್ ಸೇರಿಸಿದರೆ 12 ಪೆಟ್ಟಿಗೆ. ಆದರೆ ಒಂದು ಗೋಡೆಯಿಂದ ಇಡುತ್ತಾ ಬಂದರೆ 12 ಅಡಿಯಲ್ಲಿ ಆರು ಟೈಲ್ ಕೂತು ಕೊನೆಗೆ ನಾಲ್ಕೂವರೆ ಸೆಂಟಿಮೀಟರಿನ ಪಟ್ಟಿ ಉಳಿಯುತ್ತದೆ. 14 ಅಡಿಯಲ್ಲೂ ಹಾಗೇ. ನೋಡಲು ಕೆಟ್ಟದು, ಕತ್ತರಿಸುವಾಗ ಒಡೆಯುತ್ತದೆ, ಸರಿಯಾಗಿ ಅಂಟುವುದೂ ಇಲ್ಲ.

ನಡುವಿನಿಂದ ಶುರು ಮಾಡಿ. ಅಗಲಕ್ಕೆ ಐದು, ಉದ್ದಕ್ಕೆ ಆರು ಪೂರ್ತಿ ಟೈಲ್ ಇಟ್ಟರೆ ನಾಲ್ಕೂ ಗೋಡೆಯ ಬಳಿ ಸುಮಾರು 32 ಸೆಂ.ಮೀ. ತುಂಡು ಬರುತ್ತದೆ. ಒಟ್ಟು ಏಳು ಸಾಲು ಎಂಟರಂತೆ 56 ಟೈಲ್, ಅಂದರೆ 14 ಪೆಟ್ಟಿಗೆ. ಎರಡು ಪೆಟ್ಟಿಗೆ ಹೆಚ್ಚಾಯಿತಲ್ಲ ಎನ್ನಬೇಡಿ. ಕತ್ತರಿಸಿ ಉಳಿದ 28 ಸೆಂ.ಮೀ. ತುಂಡಿನಲ್ಲಿ ನಾಲ್ಕಿಂಚಿನ ಸ್ಕರ್ಟಿಂಗ್ ಪಟ್ಟಿ ಎರಡೆರಡು ಸಿಗುತ್ತದೆ, ಬಾಗಿಲು ಬಿಟ್ಟು ಇಡೀ ಕೋಣೆಗೆ ಬೇಕಾದ ಸುಮಾರು 25 ಪಟ್ಟಿ ಅದರಲ್ಲೇ ಆಯಿತು. ಮುಂದಿನ ರಿಪೇರಿಗೆ ಒಂದು ಪೆಟ್ಟಿಗೆ ಸೇರಿಸಿ 15 ತನ್ನಿ. ಆ ಡಿಸೈನ್ ಮೂರು ವರ್ಷದ ಮೇಲೆ ಸಿಗದು.

ವಿಟ್ರಿಫೈಡ್ ನೀರು ಹೀರದ ಕಾರಣ ಬರೀ ಸಿಮೆಂಟ್ ಹಾಲಿಗೆ ಅಂಟಿಕೊಳ್ಳುವುದು ಕಷ್ಟ. ಟೊಳ್ಳು ಶಬ್ದ ಬರುವುದಕ್ಕೆ ಮುಖ್ಯ ಕಾರಣ ಇದೇ. ಐಎಸ್ 15477 ಎಂಬ ಭಾರತೀಯ ಮಾನದಂಡದ ಟೈಪ್ 2 ಟೈಲ್ ಅಂಟು ಬಳಸಿ. 20 ಕಿಲೋ ಚೀಲ 3 ಮಿ.ಮೀ. ದಪ್ಪಕ್ಕೆ ಸುಮಾರು 45 ಚದರಡಿ ಬರುತ್ತದೆ, ಈ ಕೋಣೆಗೆ ನಾಲ್ಕು ಚೀಲ. ಹಲ್ಲಿನ ಕರಣೆಯಿಂದ ಒಂದೇ ದಿಕ್ಕಿಗೆ ಎಳೆಯಬೇಕು. ಐದು ಉಂಡೆ ಇಟ್ಟು ಟೈಲ್ ಒತ್ತುವ ಪದ್ಧತಿಯಲ್ಲಿ ಉಂಡೆಗಳ ನಡುವೆ ಗಾಳಿ ಉಳಿಯುತ್ತದೆ, ಅಲ್ಲೇ ನೀರೂ ನಿಲ್ಲುತ್ತದೆ. ಸಂದಿ 2 ಮಿ.ಮೀ. ಸ್ಪೇಸರ್ ಇಟ್ಟೇ ಇರಲಿ, ಗೋಡೆಯ ಸುತ್ತ 5 ಮಿ.ಮೀ. ಖಾಲಿ ಬಿಡಿ, ಸ್ಕರ್ಟಿಂಗ್ ಅದನ್ನು ಮುಚ್ಚುತ್ತದೆ. ಗೋಡೆಗೆ ಒತ್ತಿ ಬಿಗಿಯಾಗಿ ಹಾಸಿದ ಟೈಲ್ ಒಂದು ಬೇಸಿಗೆಯಲ್ಲಿ ಎದ್ದು ಡೇರೆಯ ಆಕಾರಕ್ಕೆ ನಿಲ್ಲುವುದು ಈ ಜಾಗ ಇಲ್ಲದೆ.

ಅಡಿಯ ಗಾರೆ ಒಣಗಲು ದಿನಕ್ಕೆ ಒಂದು ಮಿ.ಮೀ. ಎಂದು ಲೆಕ್ಕ, ಎರಡಿಂಚಿಗೆ ಐವತ್ತು ದಿನ. ಅದೂ ಒಣ ಹವೆಯಲ್ಲಿ. ಮಳೆಗಾಲದಲ್ಲಿ ಗೃಹಪ್ರವೇಶದ ತಾರೀಖು ಗೊತ್ತುಮಾಡಿಕೊಂಡು ಅವಸರ ಮಾಡುವ ಮನೆಗಳಲ್ಲೇ ಎಪಾಕ್ಸಿ ಗ್ರೌಟ್ ಸಂದಿಯಿಂದ ಬಿಟ್ಟು ಬರುವುದು, ಏಕೆಂದರೆ ಸಂದಿ ಒಳಗೆ ಒದ್ದೆ ಇರುತ್ತದೆ.

ಗ್ರೌಟ್ ತುಂಬುವ ಹಿಂದಿನ ದಿನ ಒಂದು ಮರದ ಕೋಲು ಹಿಡಿದು ಪ್ರತಿ ಟೈಲಿನ ನಾಲ್ಕು ಮೂಲೆ ಮತ್ತು ನಡುವೆ ತಟ್ಟಿ ನೋಡಿ. ಟೊಳ್ಳು ಕೇಳಿದ್ದಕ್ಕೆ ಸೀಮೆಸುಣ್ಣದ ಗುರುತು ಹಾಕಿ. ನಡುವೆ ಅಂಗೈಯಗಲ ಟೊಳ್ಳಿದ್ದರೆ ಮಂಚದಡಿಯಲ್ಲಿ ಬಿಟ್ಟುಬಿಡಬಹುದು. ಮೂಲೆ ಟೊಳ್ಳಿದ್ದರೆ ಬಿಡಬೇಡಿ, ಕುರ್ಚಿಯ ಕಾಲು ಬಿದ್ದ ದಿನ ಅದೇ ಒಡೆಯುವುದು. ಅಂಥವನ್ನು ತೆಗೆದು ಹೊಸದಾಗಿ ಕೂರಿಸಿದ ಮೇಲೆಯೇ ಗ್ರೌಟ್, ಕೊನೆಯ ಕಂತಿನ ದುಡ್ಡು ಅದರ ಮೇಲೆ.